ಬೋರ್‌ವೆಲ್ ನೀರಿನ ವಿಶ್ಲೇಷಣೆ: ಅಯಾನು ಸಮತೋಲನ ಕೂಡಿಬರುತ್ತಿಲ್ಲ, ಸ್ಯಾಂಪಲ್ ಬಿಡಬೇಕೇ?

ಪ್ರಶ್ನೆ (ಎಂ.ಎಸ್ಸಿ. ಭೂವಿಜ್ಞಾನ ವಿದ್ಯಾರ್ಥಿನಿ): ಸರ್, ನನ್ನ ಪ್ರಾಜೆಕ್ಟ್ ಪಾವಗಡ ಕಡೆಯ ಬೋರ್‌ವೆಲ್‌ಗಳ ಫ್ಲೋರೈಡ್ ಕುರಿತು. ಒಂದು ಸ್ಯಾಂಪಲ್ಲಿನ ಅಂಕಿಗಳು, ಎಲ್ಲವೂ ಲೀಟರಿಗೆ ಮಿ.ಗ್ರಾಂ: ಕ್ಯಾಲ್ಸಿಯಂ 64, ಮೆಗ್ನೀಷಿಯಂ 36.5, ಸೋಡಿಯಂ 115, ಪೊಟ್ಯಾಸಿಯಂ 3.9, ಬೈಕಾರ್ಬೊನೇಟ್ 350, ಕ್ಲೋರೈಡ್ 106, ಸಲ್ಫೇಟ್ 38, ನೈಟ್ರೇಟ್ 5, ಫ್ಲೋರೈಡ್ 1.9. ಇಸಿ (ವಿದ್ಯುತ್ ವಾಹಕತೆ) 1130 ಮೈಕ್ರೋಸೀಮನ್ಸ್/ಸೆಂ.ಮೀ. ಧನ, ಋಣ ಅಯಾನುಗಳ ಮೊತ್ತ ಸಮವಾಗಿರಬೇಕಲ್ಲ, ಆದರೆ ಸಮತೋಲನದ ದೋಷ (ಎರಡರ ವ್ಯತ್ಯಾಸ, ಒಟ್ಟು ಮೊತ್ತದ ಶೇಕಡಾವಾರು) +7.6% ಬರುತ್ತಿದೆ, 5%ರ ಒಳಗಿರಬೇಕು ಅಂತಾರೆ. ಇದನ್ನು ಬಿಟ್ಟುಬಿಡಲೇ?

ಉತ್ತರ (ಭೂರಸಾಯನಶಾಸ್ತ್ರ ಅಧ್ಯಾಪಕ): ಬಿಡಬೇಡಿ. ದೋಷ ನೀರಿನಲ್ಲಿಲ್ಲ, ಲೆಕ್ಕದಲ್ಲಿರುವಂತಿದೆ. ಮೊದಲು ಯಾವ ಕಡೆ ತಪ್ಪಿದೆ ಅಂತ ಇಸಿಯಿಂದ ಹಿಡಿಯಿರಿ. ಧನ ಅಯಾನುಗಳ ಮೊತ್ತವನ್ನು (ಮಿಲಿಈಕ್ವಿವಲೆಂಟ್‌ನಲ್ಲಿ, ಅಂದರೆ ಪ್ರತಿ ಅಯಾನಿನ ಮಿ.ಗ್ರಾಂ ಅನ್ನು ಅದರ ಸಮಾನ ತೂಕದಿಂದ ಭಾಗಿಸಿ) 100ರಿಂದ ಗುಣಿಸಿದರೆ ಹೆಚ್ಚುಕಮ್ಮಿ ಇಸಿ ಬರಬೇಕು. ನಿಮ್ಮ ಮೊತ್ತ 11.29, ಅಂದರೆ 1129. ಧನ ಅಯಾನುಗಳು ಸರಿಯಾಗಿವೆ. ಋಣ ಅಯಾನುಗಳು 9.70 ಮಾತ್ರ, ಕೊರತೆ ಅಲ್ಲೇ.

ಲ್ಯಾಬ್ ರಿಪೋರ್ಟ್ ಮತ್ತೊಮ್ಮೆ ತೆಗೆದು ನೋಡಿ. ಆ 350 ಬಹುಶಃ "ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ" ಬರೆದ ಒಟ್ಟು ಕ್ಷಾರೀಯತೆ (ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಸಾಮರ್ಥ್ಯ). ಹಾಗಿದ್ದರೆ 61ರಿಂದಲ್ಲ, 50ರಿಂದ ಭಾಗಿಸಬೇಕು: 5.74 ಹೋಗಿ 7.00 ಆಗುತ್ತದೆ. ನೈಟ್ರೇಟ್ 5 ಎನ್ನುವುದೂ "ನೈಟ್ರೋಜನ್ ಆಗಿ" ಇರಬಹುದು. ಆಗ 62ರ ಬದಲು 14ರಿಂದ ಭಾಗಿಸಿ, 0.08 ಬದಲು 0.36 ಬರುತ್ತದೆ. ಇವೆರಡೂ ಹೌದಾದರೆ ಋಣ ಮೊತ್ತ 11.24, ದೋಷ 0.2%. ಆದರೆ ಲೆಕ್ಕ ಕೂಡಿತು ಅಂತ ಊಹೆಯ ಮೇಲೆ ತಿದ್ದಬೇಡಿ, ಲ್ಯಾಬಿನವರನ್ನು ಕೇಳಿಯೇ ತಿದ್ದಿ.

ಇನ್ನೊಂದು: ಎಲ್ಲ ಸ್ಯಾಂಪಲ್‌ಗಳಲ್ಲೂ ದೋಷ ಸರಿಯಾಗಿ ಸೊನ್ನೆ ಬಂದಿದ್ದರೆ ಆಗಲೂ ಅನುಮಾನಪಡಿ. ಸೋಡಿಯಂ ಅಳೆಯದೆ ವ್ಯತ್ಯಾಸದಿಂದ ತುಂಬಿದ್ದರೆ ಹಾಗಾಗುತ್ತದೆ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್, ರಿಪೋರ್ಟಿನ ಅಡಿಯಲ್ಲಿ ಹಾಗೆಯೇ ಬರೆದಿದೆ, ಎರಡೂ! ಸಮತೋಲನ ಕೂಡಿಬಂದಿತು. ಇನ್ನು ಫ್ಲೋರೈಡ್ 1.9 ಅನ್ನು ನಂಬಬಹುದಲ್ಲವೇ?

ಉತ್ತರ: ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಇದನ್ನು ಗಟ್ಟಿಯಾಗಿ ನೆನಪಿಡಿ. 1.9 ಮಿ.ಗ್ರಾಂ ಫ್ಲೋರೈಡ್ ಅಂದರೆ ಕೇವಲ 0.10 ಮಿಲಿಈಕ್ವಿವಲೆಂಟ್. ಅದು ದುಪ್ಪಟ್ಟು ತಪ್ಪಿದ್ದರೂ ಸಮತೋಲನ ಅರ್ಧ ಶೇಕಡಾ ಕೂಡ ಅಲುಗಾಡುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಮಿತಿ ಲೀಟರಿಗೆ 1.0 ಮಿ.ಗ್ರಾಂ, ಬೇರೆ ಮೂಲವಿಲ್ಲದಾಗ 1.5. ನಿಮ್ಮ ತೀರ್ಮಾನ ನಿಂತಿರುವುದೇ ಈ ಸಣ್ಣ ಅಂಕಿಯ ಮೇಲೆ, ಹಾಗಾಗಿ ಅದಕ್ಕೆ ಪ್ರತ್ಯೇಕ ಪರೀಕ್ಷೆ ಬೇಕು.

ಫ್ಲೋರೈಡ್ ಎಲೆಕ್ಟ್ರೋಡ್ ಬಳಸುತ್ತಿದ್ದರೆ ನೀರಿಗೂ ಸ್ಟ್ಯಾಂಡರ್ಡ್‌ಗಳಿಗೂ (ಫ್ಲೋರೈಡ್ ಪ್ರಮಾಣ ಗೊತ್ತಿರುವ ದ್ರಾವಣಗಳು) ಟಿಸ್ಯಾಬ್ (TISAB) ಬಫರ್ ಸಮ ಪ್ರಮಾಣದಲ್ಲಿ ಹಾಕಿ, ಉದಾಹರಣೆಗೆ 25 ಮಿ.ಲೀ.ಗೆ 25 ಮಿ.ಲೀ. ಅದು ಪಿಎಚ್ ಅನ್ನು 5ರಿಂದ 5.5ರಲ್ಲಿ ಹಿಡಿದು, ಅಲ್ಯೂಮಿನಿಯಂ, ಕಬ್ಬಿಣ ಕಟ್ಟಿಕೊಂಡ ಫ್ಲೋರೈಡನ್ನು ಬಿಡಿಸುತ್ತದೆ. ಸ್ಟ್ಯಾಂಡರ್ಡ್ ಲೀಟರಿಗೆ 0.1, 1, 10 ಮಿ.ಗ್ರಾಂ. ಕಡಿಮೆಯಿಂದ ಹೆಚ್ಚಿಗೆ ಹೋಗಿ. ಫ್ಲೋರೈಡ್ ಹತ್ತು ಪಟ್ಟಾದಾಗಲೆಲ್ಲ ರೀಡಿಂಗ್ 54–60 ಮಿಲಿವೋಲ್ಟ್ ಇಳಿಯಬೇಕು. ಅಷ್ಟು ಬರದಿದ್ದರೆ ಆ ದಿನದ ರೀಡಿಂಗ್ ಬಳಸಬೇಡಿ. ಕೊನೆಗೆ ಕೆಲವು ಸ್ಯಾಂಪಲ್‌ಗಳಿಗೆ ಗೊತ್ತಿರುವಷ್ಟು ಫ್ಲೋರೈಡ್ ಸೇರಿಸಿ, ಅಷ್ಟೂ ವಾಪಸ್ ಸಿಗುತ್ತದೆಯೇ ನೋಡಿ.

ಇನ್ನೊಂದು ಉತ್ತರ (ನೀರು ಪರೀಕ್ಷಾ ಪ್ರಯೋಗಾಲಯದ ರಸಾಯನಜ್ಞೆ): ಬಾಟಲಿ ವಿಷಯ ಸೇರಿಸುತ್ತೇನೆ. ಪ್ರತಿ ಬೋರ್‌ವೆಲ್‌ಗೂ ಎರಡು ಪಾಲಿಥಿನ್ ಬಾಟಲಿ ಬೇಕು, ಎರಡಕ್ಕೂ 0.45 ಮೈಕ್ರಾನ್ ಫಿಲ್ಟರ್. ಪಂಪ್ ಓಡಿಸಿ ಇಸಿ ನಿಂತ ಮೇಲೆ ತುಂಬಿ. ಒಂದಕ್ಕೆ ಪಿಎಚ್ 2ಕ್ಕಿಂತ ಕೆಳಗೆ ಇಳಿಯುವಷ್ಟು ನೈಟ್ರಿಕ್ ಆಮ್ಲ, ಧನ ಅಯಾನುಗಳಿಗೆ. ಇನ್ನೊಂದಕ್ಕೆ, ಋಣ ಅಯಾನುಗಳದ್ದಕ್ಕೆ, ಆಮ್ಲ ಬೇಡವೇ ಬೇಡ. ಲೇಬಲ್ ಅದಲುಬದಲಾದರೆ ನೈಟ್ರೇಟ್ ಆಕಾಶಕ್ಕೇರುತ್ತದೆ, ಕ್ಷಾರೀಯತೆ ಮಾಯ. ಫಿಲ್ಟರ್ ಮಾಡದೆ ಆಮ್ಲ ಹಾಕಿದರೆ ಕೆಸರು ಕರಗಿ ಕಬ್ಬಿಣ, ಅಲ್ಯೂಮಿನಿಯಂ ಸುಳ್ಳಾಗಿ ಏರುತ್ತವೆ.

ಕ್ಷಾರೀಯತೆಯನ್ನು ಸ್ಥಳದಲ್ಲೇ ಟೈಟ್ರೇಟ್ ಮಾಡಿ, ಆಗದಿದ್ದರೆ 24 ಗಂಟೆಯೊಳಗೆ. ಆಮ್ಲವಿಲ್ಲದ ಬಾಟಲಿ ವಾರಗಟ್ಟಲೆ ಕೂತರೆ ಗೋಡೆಗೆ ಬಿಳಿ ಕ್ಯಾಲ್ಸೈಟ್ (ಕ್ಯಾಲ್ಸಿಯಂ ಕಾರ್ಬೊನೇಟ್) ಅಂಟುತ್ತದೆ. ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಸಮಸಮವಾಗಿ ಕಳೆದುಹೋಗುವುದರಿಂದ, ಎರಡನ್ನೂ ಅದೇ ಬಾಟಲಿಯಿಂದ ಅಳೆದರೆ ಸಮತೋಲನ ಚೆನ್ನಾಗಿಯೇ ಕೂಡುತ್ತದೆ, ಅಂಕಿಗಳು ಮಾತ್ರ ತಪ್ಪು. ಕ್ಯಾಲ್ಸಿಯಂ ಕಡಿಮೆ ಇರುವಲ್ಲಿ ಫ್ಲೋರೈಡ್ ಹೆಚ್ಚು ಎನ್ನುವುದೇ ಗ್ರಾನೈಟ್, ನೈಸ್ ಶಿಲೆಗಳ ಸೀಮೆಯ ಮುಖ್ಯ ವಾದ. ಬಾಟಲಿಯೊಳಗೆ ಕಳೆದ ಕ್ಯಾಲ್ಸಿಯಂ ಅದನ್ನು ಸುಳ್ಳುಸುಳ್ಳಾಗಿ ಬಲಪಡಿಸಬಾರದು. ಹಾಗಾಗಿ ಕ್ಯಾಲ್ಸಿಯಂ ಆಮ್ಲದ ಬಾಟಲಿಯಿಂದಲೇ.