ವೈದ್ಯರನ್ನು ಕೇಳಿ: ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರದ ದಾಂಪತ್ಯ, ತಪಾಸಣೆಯ ವಯಸ್ಸು

ನಿರ್ವಾಹಕಿ: ಇಂದಿನ ಪ್ರಶ್ನೆಗಳಿಗೆ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸಕಿಯೊಬ್ಬರು ಉತ್ತರಿಸಲಿದ್ದಾರೆ. ಒಬ್ಬರು ಒಂದೇ ಪ್ರಶ್ನೆ ಕೇಳಬೇಕೆಂದೂ ವರದಿಗಳ ಫೋಟೊ ಹಾಕಬಾರದೆಂದೂ ವಿನಂತಿ.

ಎಲ್.: ನನಗೆ 43 ವರ್ಷ. ಮನೆಯಲ್ಲಿ ಯಾರಿಗೂ ಈ ಕಾಯಿಲೆ ಬಂದಿಲ್ಲ. ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಯಾವ ವಯಸ್ಸಿನಿಂದ ಮಾಡಿಸಬೇಕು ಮೇಡಂ?

ವೈದ್ಯೆ: ಈ ಬಗ್ಗೆ ಎಲ್ಲ ದೇಶಗಳ ಮಾತು ಒಂದೇ ಅಲ್ಲ. ಅಮೆರಿಕದ ತಜ್ಞರ ಕಾರ್ಯಪಡೆ 2024ರಲ್ಲಿ 40ರಿಂದ 74 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಂದು ಶಿಫಾರಸು ಮಾಡಿತು. ಅದಕ್ಕೆ ಮೊದಲು ಅದೇ ಕಾರ್ಯಪಡೆ 50 ಎನ್ನುತ್ತಿತ್ತು. ಬ್ರಿಟನ್ನಿನಲ್ಲಿ ಈಗಲೂ 50ರಿಂದ ಮೂರು ವರ್ಷಕ್ಕೊಮ್ಮೆ ಕರೆಯುತ್ತಾರೆ. ನಿಮ್ಮ ವಯಸ್ಸಿನಲ್ಲಿ ಮಾಡಿಸಿಕೊಳ್ಳುವುದು ಸರಿ ಎಂಬುದು ನನ್ನ ಅಭಿಪ್ರಾಯ. ಮನೆಯಲ್ಲಿ ಯಾರಿಗೂ ಇಲ್ಲ ಎಂದು ನಿಶ್ಚಿಂತರಾಗಬೇಡಿ, ಏಕೆಂದರೆ ನಾನು ಚಿಕಿತ್ಸೆ ಕೊಟ್ಟವರಲ್ಲಿ ಹೆಚ್ಚಿನವರೂ ಇದೇ ಮಾತು ಹೇಳಿದವರು.

ಜೆ.: ಡಾಕ್ಟರೇ, ನನ್ನ ಹೆಂಡತಿಗೆ ಈಗ 46. ಎರಡು ವರ್ಷದ ಹಿಂದೆ ಸ್ನಾನ ಮಾಡುವಾಗ ಅವಳ ಕೈಗೇ ಗಂಟು ಸಿಕ್ಕಿತು. ಎಡ ಸ್ತನವನ್ನು ಪೂರ್ತಿ ತೆಗೆದರು. ಕಿಮೊ, ರೇಡಿಯೇಶನ್ ಮುಗಿದವು. ಈಗ ತಿಂಗಳಿಗೊಂದು ಇಂಜೆಕ್ಷನ್, ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ. ಅಂದಿನಿಂದ ನಾನು ಹೋದಲ್ಲೆಲ್ಲ, ಸಭೆಗಳಲ್ಲಿ ಕೂಡ, ನಲವತ್ತಕ್ಕೇ ತಪಾಸಣೆ ಮಾಡಿಸಿ ಎಂದು ನಮ್ಮ ಉದಾಹರಣೆಯನ್ನೇ ಕೊಟ್ಟು ಹೇಳುತ್ತಿದ್ದೇನೆ. ಆದರೆ ಮನೆಯೊಳಗೆ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಗಿದೆ. ಅವಳು ಬಾಗಿಲು ಹಾಕಿಕೊಂಡು ಬಟ್ಟೆ ಬದಲಿಸುತ್ತಾಳೆ. ರಾತ್ರಿ ನನಗೂ ಅವಳಿಗೂ ನಡುವೆ ಒಂದು ಸಣ್ಣ ದಿಂಬು ಇರುತ್ತದೆ. ಅದನ್ನು ತೆಗೆಯಲು ನನಗೆ ಧೈರ್ಯವಿಲ್ಲ, ಕೇಳಲು ಬಾಯಿಲ್ಲ. ಹತ್ತಿರ ಹೋದರೆ ನೋವು ಎನ್ನುತ್ತಾಳೆ. ಪ್ರೀತಿಯೇ ಹೋಯಿತೇ ಎಂಬ ಸಂಶಯ ನನ್ನನ್ನು ತಿನ್ನುತ್ತಿದೆ.

ಎಸ್.: ಸ್ತನ ಕ್ಯಾನ್ಸರಿಗೆ ಕೊಡುವ ಟಾಮಾಕ್ಸಿಫೆನ್ ಜೊತೆ ಖಿನ್ನತೆಯ ಮಾತ್ರೆ ತೆಗೆದುಕೊಳ್ಳಬಹುದೇ?

ವೈದ್ಯೆ: ಎಸ್. ಅವರೇ, ಪ್ಯಾರಾಕ್ಸಿಟೀನ್, ಫ್ಲೂಆಕ್ಸಿಟೀನ್ ಬೇಡ; ಅವು ಟಾಮಾಕ್ಸಿಫೆನ್ ಕೆಲಸ ಮಾಡುವ ರೂಪಕ್ಕೆ ಬದಲಾಗುವುದನ್ನು ತಡೆಯುತ್ತವೆ. ಬೇರೆ ಮಾತ್ರೆಗಳಿವೆ. ಈಗಾಗಲೇ ನುಂಗುತ್ತಿದ್ದರೆ ತಟ್ಟನೆ ನಿಲ್ಲಿಸದೆ ಬರೆದುಕೊಟ್ಟ ವೈದ್ಯರನ್ನು ಕಾಣಿ.

ಜೆ. ಅವರೇ, ನಿಮಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ನೋವಿನ ಮಾತು. ಆ ಇಂಜೆಕ್ಷನ್ ಅಂಡಾಶಯದ ಕೆಲಸವನ್ನು ನಿಲ್ಲಿಸುತ್ತದೆ, ಲೆಟ್ರೊಜೋಲ್ ದೇಹದ ಉಳಿದ ಭಾಗಗಳಲ್ಲಿ ತಯಾರಾಗುವ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನನ್ನೂ ತಡೆಯುತ್ತದೆ. ಸಹಜವಾಗಿ ಮುಟ್ಟು ನಿಲ್ಲುವಾಗ ವರ್ಷಗಳ ಕಾಲ ನಿಧಾನವಾಗಿ ಆಗುವ ಬದಲಾವಣೆ ನಿಮ್ಮ ಪತ್ನಿಗೆ ಕೆಲವೇ ವಾರಗಳಲ್ಲಿ ಆಗಿದೆ. ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ, ಕೂಡುವಾಗ ಉರಿಯುತ್ತದೆ. ಒಮ್ಮೆ ನೋವಾದ ಮೇಲೆ ಸ್ನಾಯುಗಳು ಮುಂದಿನ ಸಲ ತಾವಾಗಿಯೇ ಬಿಗಿಯುತ್ತವೆ. ಇದು ಔಷಧದ ಪರಿಣಾಮವೇ ಹೊರತು ಪ್ರೀತಿಯ ಅಳತೆಯಲ್ಲ. ಹಾರ್ಮೋನ್ ಇಲ್ಲದ ಯೋನಿ ಮಾಯಿಶ್ಚರೈಸರನ್ನು ವಾರಕ್ಕೆ ಮೂರರಿಂದ ಐದು ಸಲ ಬಳಸಬೇಕು, ಕೂಡುವ ಹೊತ್ತಿಗೆ ಲೂಬ್ರಿಕೆಂಟ್ ಬೇರೆ. ಇವೆರಡನ್ನು ಒಂದೇ ಎಂದುಕೊಂಡು ಎಷ್ಟೋ ದಂಪತಿಗಳು ಕೈಚೆಲ್ಲುತ್ತಾರೆ. ಬಿಗಿತಕ್ಕೆ ಶ್ರೋಣಿಯ (ಸೊಂಟದ ಕೆಳಭಾಗದ) ಸ್ನಾಯುಗಳ ಫಿಸಿಯೊಥೆರಪಿ ಇದೆ. ಈಸ್ಟ್ರೊಜೆನ್ ಇರುವ ಕ್ರೀಮನ್ನು ಮಾತ್ರ ಲೆಟ್ರೊಜೋಲ್ ಜೊತೆ ಆಂಕಾಲಜಿಸ್ಟರನ್ನು (ಕ್ಯಾನ್ಸರ್ ತಜ್ಞರನ್ನು) ಕೇಳದೆ ಆರಂಭಿಸಬಾರದು, ಹಾಗೆಯೇ ಈ ಕಾರಣಕ್ಕೆ ಮಾತ್ರೆಯನ್ನು ತಾವಾಗಿ ನಿಲ್ಲಿಸಲೂಬಾರದು.

ಎರಡನೆಯದು ದಿಂಬು. ಕಂಕುಳಿನ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆಯುವಾಗ ತೋಳಿನ ಒಳಮಗ್ಗುಲಿಗೆ ಹೋಗುವ ಒಂದು ಸಣ್ಣ ನರ ಬಹಳ ಸಲ ಎಳೆಯಲ್ಪಡುತ್ತದೆ ಅಥವಾ ತುಂಡಾಗುತ್ತದೆ. ಆ ಜಾಗ ಮರಗಟ್ಟಿರುತ್ತದೆ, ಆದರೆ ಬಟ್ಟೆ ಸೋಕಿದರೂ ಉರಿಯುತ್ತದೆ. ತೋಳಿನ ಕೆಳಗೆ ಸಣ್ಣ ದಿಂಬು ಇಟ್ಟುಕೊಳ್ಳಿ ಎಂದು ನನ್ನ ರೋಗಿಗಳಿಗೆ ನಾನೇ ಹೇಳುತ್ತೇನೆ. ಅದು ನಿಮ್ಮ ವಿರುದ್ಧ ಕಟ್ಟಿದ ಗೋಡೆ ಎಂದು ನೀವಾಗಿಯೇ ತೀರ್ಮಾನಿಸಿದ್ದೀರಿ.

ಪಿ.: ಇಷ್ಟೆಲ್ಲ ರಾಸಾಯನಿಕ ಏಕೆ? ಏಪ್ರಿಕಾಟ್ ಬೀಜದ ತಿರುಳು ಕ್ಯಾನ್ಸರನ್ನು ಬೇರುಸಹಿತ ಕೀಳುತ್ತದೆ ಎಂದು ನನಗೆ ಬಂದ ಸಂದೇಶವನ್ನು ಎಲ್ಲರ ಹಿತಕ್ಕಾಗಿ ಇಲ್ಲಿ ಹಾಕುತ್ತಿದ್ದೇನೆ. ಮ್ಯಾಮೊಗ್ರಾಮಿನ ಕಿರಣಗಳಿಂದಲೇ ಕ್ಯಾನ್ಸರ್ ಬರುತ್ತದೆ ಎಂದೂ ಅದರಲ್ಲಿದೆ. ಅದರ ಬದಲು ಥರ್ಮೋಗ್ರಫಿ (ಮೈಯ ಶಾಖದ ಚಿತ್ರ) ಮಾಡಿಸಬೇಕಂತೆ.

ವೈದ್ಯೆ: ಆ ತಿರುಳಿನಲ್ಲಿರುವ ಅಮಿಗ್ಡಲಿನ್ ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ. ತಿನ್ನಬೇಡಿ, ತಿನ್ನಿಸಬೇಡಿ. ಒಂದು ಮ್ಯಾಮೊಗ್ರಾಮಿನ ವಿಕಿರಣ ಸುಮಾರು 0.4 ಮಿಲಿಸೀವರ್ಟ್, ಅಂದರೆ ನಾವು ಸುಮ್ಮನೆ ಭೂಮಿಯ ಮೇಲೆ ಏಳು ವಾರ ಬದುಕಿದರೆ ಸಿಗುವಷ್ಟು. ಥರ್ಮೋಗ್ರಫಿ ಮ್ಯಾಮೊಗ್ರಾಮಿಗೆ ಬದಲಿಯಲ್ಲ.

ಎನ್.: ಪಿ. ಅವರೇ, ಇಂತಹ ಸಂದೇಶ ನಂಬಿ ನಮ್ಮ ಚಿಕ್ಕಮ್ಮ ಏಳು ತಿಂಗಳು ಬಯಾಪ್ಸಿ ಮುಂದೂಡಿದರು. ನಿಮ್ಮ ಹಿತ ನಿಮ್ಮಲ್ಲೇ ಇರಲಿ.

ಪಿ.: ನಾನು ಬಂದದ್ದನ್ನು ಹಂಚಿಕೊಂಡೆ ಅಷ್ಟೆ. ಒಳ್ಳೆಯದಕ್ಕೆ ಹೇಳಿದರೆ ಹೀಗೆ ಮೇಲೆ ಬೀಳುವುದೇ?

ಎನ್.: ಬಂದದ್ದನ್ನೆಲ್ಲ ಹಂಚುವುದಕ್ಕೆ ಇದೇನು ಅಂಚೆಪೆಟ್ಟಿಗೆಯೇ?

ಟಿ.: ಇಬ್ಬರೂ ನಿಲ್ಲಿಸಿ. ನನಗೆ ಜೆ. ಅವರ ಪ್ರಚಾರದ ಬಗ್ಗೆಯೇ ಆಕ್ಷೇಪವಿದೆ. ನಲವತ್ತಕ್ಕೆ ಎಲ್ಲರನ್ನೂ ಯಂತ್ರದ ಮುಂದೆ ನಿಲ್ಲಿಸಿದರೆ ಏನೂ ಇಲ್ಲದವರೂ ಮತ್ತೆ ಬನ್ನಿ ಎಂಬ ಕರೆ ಬಂದು ನಿದ್ದೆಗೆಡುತ್ತಾರೆ. ಎಂದೂ ತೊಂದರೆ ಕೊಡದ ಗಂಟಿಗೂ ಚಿಕಿತ್ಸೆ ನಡೆಯುತ್ತದೆ. ಇದನ್ನೂ ಸಭೆಯಲ್ಲಿ ಹೇಳುತ್ತೀರಾ?

ಜೆ.: ನಿಮ್ಮ ಮನೆಯಲ್ಲಿ ಆಗಿದ್ದರೆ ಹೀಗೆ ಲೆಕ್ಕ ಹಾಕುತ್ತಿರಲಿಲ್ಲ. ಎರಡು ವರ್ಷ ಮೊದಲೇ ಮಾಡಿಸಿದ್ದರೆ ನನ್ನ ಹೆಂಡತಿಯ ಸ್ತನ ಉಳಿಯುತ್ತಿತ್ತು.

ಆರ್.: ಮ್ಯಾಮೊಗ್ರಾಮ್ ಯಾವ ವಯಸ್ಸಿಗೆ ಮೇಡಂ?

ವೈದ್ಯೆ: ಮೇಲೆ ನೋಡಿ.

ಟಿ. ಅವರ ಆಕ್ಷೇಪ ಅರ್ಧ ಸರಿ. ಮತ್ತೆ ಕರೆಸಿಕೊಂಡವರಲ್ಲಿ ಬಹುಪಾಲು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ, ಅನಗತ್ಯ ಚಿಕಿತ್ಸೆಯೂ ಕಟ್ಟುಕತೆಯಲ್ಲ. ಆದರೂ ನಲವತ್ತರಿಂದ ಪ್ರತಿವರ್ಷ ತಪಾಸಣೆ ಮಾಡಿದ ಬ್ರಿಟನ್ನಿನ ಪ್ರಯೋಗದಲ್ಲಿ ಮೊದಲ ಹತ್ತು ವರ್ಷ ಸ್ತನ ಕ್ಯಾನ್ಸರಿನ ಸಾವು ಕಡಿಮೆಯಾದದ್ದು ಕಂಡಿದೆ. ಎರಡನ್ನೂ ಹೇಳಿ ತೀರ್ಮಾನವನ್ನು ಮಹಿಳೆಗೇ ಬಿಡಬೇಕು.

ಆದರೆ ಜೆ. ಅವರೇ, ನಿಮ್ಮ ಕೊನೆಯ ವಾಕ್ಯವನ್ನು ಓದಿದಾಗ ನನಗೆ ದಿಂಬಿಗಿಂತ ಹೆಚ್ಚು ಚಿಂತೆಯಾಯಿತು. ತಪಾಸಣೆಯ ಲಾಭ ಸಾವಿರಾರು ಮಂದಿಯ ಲೆಕ್ಕದಲ್ಲಿ ಕಾಣುವಂಥದ್ದು. ಒಬ್ಬಳ ವಿಷಯದಲ್ಲಿ ‘ಉಳಿಯುತ್ತಿತ್ತು’ ಎಂದು ಯಾರೂ ಹೇಳಲಾರರು. ಎರಡು ತಪಾಸಣೆಗಳ ನಡುವೆಯೇ ಹುಟ್ಟಿ ಬೆಳೆಯುವ ಗಂಟುಗಳಿವೆ. ಸಾಂದ್ರವಾದ ಸ್ತನದಲ್ಲಿ ಅಂಗಾಂಶವೂ ಬಿಳಿ, ಗಂಟೂ ಬಿಳಿಯಾಗಿ ಕಾಣುವುದರಿಂದ ಮ್ಯಾಮೊಗ್ರಾಮ್ ಮಾಡಿದರೂ ತಪ್ಪಿಹೋಗುವುದುಂಟು. ನಲವತ್ತರ ಆಸುಪಾಸಿನಲ್ಲಿ ಇದು ಇನ್ನೂ ಹೆಚ್ಚು. ಆ ವಾಕ್ಯವನ್ನು ನೀವು ಸಭೆಯಲ್ಲಿ ಹೇಳುವಾಗ ನಿಮ್ಮ ಪತ್ನಿ ಎಲ್ಲಿ ಕುಳಿತಿರುತ್ತಾರೆ?

ಜೆ.: ಮುಂದಿನ ಸಾಲಿನಲ್ಲಿ.

ಎಚ್.: ಅತ್ತಿಗೆಯ ಮ್ಯಾಮೊಗ್ರಾಮ್ ವರದಿಯಲ್ಲಿ ಬೈರಾಡ್ಸ್ 3 ಎಂಬ ದರ್ಜೆ ಇದೆ. ಕ್ಯಾನ್ಸರೇ?

ವೈದ್ಯೆ: ಕ್ಯಾನ್ಸರ್ ಆಗಿರುವ ಸಾಧ್ಯತೆ ಶೇಕಡಾ 2ಕ್ಕಿಂತ ಕಡಿಮೆ. ಆರು ತಿಂಗಳಿಗೆ ಮತ್ತೆ ಚಿತ್ರ ತೆಗೆಸಬೇಕು, ಮರೆಯಬಾರದು.

ವಿ.: ಚಿಕಿತ್ಸೆ ಮುಗಿದ ಮೇಲೆ ಪ್ರತಿ ಆರು ತಿಂಗಳಿಗೆ ಇಡೀ ದೇಹದ ಪೆಟ್ ಸ್ಕ್ಯಾನ್ ಮಾಡಿಸಿದರೆ ಕ್ಯಾನ್ಸರ್ ಮರಳಿ ಬರುವುದು ಬೇಗ ಗೊತ್ತಾಗುವುದಿಲ್ಲವೇ? ವಿಮೆಯವರು ಕೊಡುತ್ತಾರೆಯೇ?

ವೈದ್ಯೆ: ಲಕ್ಷಣಗಳಿಲ್ಲದಿದ್ದರೆ ಬೇಡ. ವೈದ್ಯರ ಭೇಟಿ, ವರ್ಷಕ್ಕೊಂದು ಮ್ಯಾಮೊಗ್ರಾಮ್ ಸಾಕು.

ಜೆ. ಅವರ ಪತ್ನಿ: ಇವರು ಬರೆದದ್ದನ್ನು ಈಗಷ್ಟೇ ಓದಿದೆ. ದಿಂಬು ತೋಳಿನ ನೋವಿಗೇ ಇಟ್ಟದ್ದು, ಡಾಕ್ಟರು ಹೇಳಿದ್ದು ಸರಿ. ಆಮೇಲೆ ನೋವು ಕಡಿಮೆಯಾದರೂ ಅದನ್ನು ತೆಗೆಯಲಿಲ್ಲ, ಅದೂ ನಿಜ. ಪ್ರತಿ ಸಭೆಯಲ್ಲಿ ‘ಮೊದಲೇ ಮಾಡಿಸಿದ್ದರೆ’ ಎಂದು ಕೇಳಿ ಕೇಳಿ, ಮಾಡಿಸಿಕೊಳ್ಳದೆ ಇದ್ದವಳು ನಾನು ಎಂದು ನೂರು ಜನರ ಮುಂದೆ ಒಪ್ಪಿಕೊಂಡು ಬಂದ ಹಾಗಾಗುತ್ತದೆ. ಆ ರಾತ್ರಿ ಇವರ ಕಡೆ ತಿರುಗಿ ಮಲಗಲು ನನ್ನಿಂದ ಆಗುವುದಿಲ್ಲ.

ಪಿ.: ತಂಗೀ, ಮನಸ್ಸಿನ ನೆಮ್ಮದಿಗೆ ಖಾಲಿ ಹೊಟ್ಟೆಯಲ್ಲಿ ನಿಂಬೆರಸ

ನಿರ್ವಾಹಕಿ: ಪಿ. ಅವರೇ, ಇದು ಕೊನೆಯ ಎಚ್ಚರಿಕೆ.

ಜೆ.: ಮುಂದಿನ ಭಾಷಣದಿಂದ ಆ ವಾಕ್ಯ ತೆಗೆಯುತ್ತೇನೆ.

ಜೆ. ಅವರ ಪತ್ನಿ: ವಾಕ್ಯವನ್ನಲ್ಲ, ನನ್ನನ್ನು ತೆಗೆಯಿರಿ. ತಪಾಸಣೆಯ ಮಾತನ್ನು ನೀವು ಧಾರಾಳವಾಗಿ ಹೇಳಿ, ನನಗೂ ಅದು ಬೇಕು. ಯಾವತ್ತಾದರೂ ನನ್ನ ಕತೆ ಹೇಳಬೇಕೆನಿಸಿದರೆ ನಾನೇ ಎದ್ದು ನಿಲ್ಲುತ್ತೇನೆ. ಡಾಕ್ಟರೇ, ಆ ಮಾಯಿಶ್ಚರೈಸರ್ ಹಚ್ಚಿದ ಎಷ್ಟು ದಿನಕ್ಕೆ ಗುಣ ಕಾಣುತ್ತದೆ?

ವೈದ್ಯೆ: ಕೆಲವು ವಾರ ಬೇಕು, ನಡುವೆ ಬಿಡಬೇಡಿ. ರಾತ್ರಿ ಮಲಗುವಾಗ ಬಳಸಿದರೆ ಸೋರುವ ಕಿರಿಕಿರಿ ಕಡಿಮೆ. ಅಲ್ಲಿಯವರೆಗೆ ಕೂಡಲೇಬೇಕೆಂಬ ಹಟ ಇಬ್ಬರಿಗೂ ಬೇಡ. ಆಂಕಾಲಜಿಸ್ಟರ ಬಳಿ ಹೋದಾಗ ಈ ವಿಷಯವನ್ನು ಮೊದಲು ಹೇಳಿ; ಕೊನೆಗೆ ಬಾಗಿಲ ಹತ್ತಿರ ನಿಂತು ಹೇಳಿದರೆ ನಾವು ವೈದ್ಯರೂ ಅವಸರದಲ್ಲಿ ತಲೆಯಾಡಿಸಿ ಕಳಿಸಿಬಿಡುತ್ತೇವೆ. ಕಂಕುಳಿನ ಗ್ರಂಥಿ ತೆಗೆದ ಕಡೆ ತೋಳು ಊದುವುದುಂಟು; ನಿಮ್ಮ ಎಡತೋಳಿನಲ್ಲಿ ಊತವಿದೆಯೇ? ಉಂಗುರ, ಬಳೆ ಬಿಗಿಯಾಗುತ್ತಿದ್ದರೆ ಕಾಯದೆ ತೋರಿಸಿ.

ಜೆ. ಅವರ ಪತ್ನಿ: ಬಳೆ ಬಿಗಿಯಾಗಿದೆ. ದಪ್ಪಗಾಗಿದ್ದೇನೆ ಎಂದುಕೊಂಡಿದ್ದೆ.

ವೈದ್ಯೆ: ಎರಡೂ ಕೈಯ ಬಳೆ ಬಿಗಿಯೇ, ಎಡಗೈಯದು ಮಾತ್ರವೇ?

ಕೆ.: ನನ್ನ ತಂಗಿಗೆ 31 ವರ್ಷ, ನಮ್ಮ ತಾಯಿಗೆ ಬ್ರಾಕಾ 1 (ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ವಂಶವಾಹಿ ದೋಷ) ಇದೆ. ತಂಗಿ ಮದುವೆಗೆ ಮೊದಲೇ ಪರೀಕ್ಷೆ ಮಾಡಿಸಬೇಕೇ?

ಆರ್.: ಮೇಲೆ ಎಂದರೆ ಎಲ್ಲಿ? ಒಂದು ಸಂಖ್ಯೆ ಬರೆಯಲು ಇಷ್ಟು ಬಿಗುಮಾನವೇ?

ಜೆ. ಅವರ ಪತ್ನಿ: ಎಡಗೈಯದು ಮಾತ್ರ.

ವೈದ್ಯೆ: ನಾಳೆಯೇ ಹೋಗಿ.