ಸಹಾಯ ಬೇಕು: ಗಾಲ್ಫ್ ಕಲಿಯುವವರು ನಿಯಮ ಎಷ್ಟು ಸಡಿಲಿಸಬಹುದು?

ನಮಸ್ಕಾರ. ನಾನು, ನನ್ನ ತಂಗಿ ಬೆಂಗಳೂರಿನಲ್ಲಿ ಗಾಲ್ಫ್ ಕಲಿಯುತ್ತಿದ್ದೇವೆ. ಸುಮ್ನೆ ಅಭ್ಯಾಸದ ಆಟ, ಹಾಗಾಗಿ ಕೆಲವು ನಿಯಮ ಸಡಿಲಿಸಿಕೊಂಡಿದ್ದೇವೆ. ಚೆಂಡು ಮರದ ಬೇರಿಗೆ ಅಂಟಿ ಕೂತರೆ ಒಂದು ಗೇಣು ಆಚೆ ಇಟ್ಟು ಹೊಡೆಯುತ್ತೇವೆ. ಮಣಿಕಟ್ಟು ಉಳಿಯಬೇಕಲ್ವಾ? ಪಾರ್‌ನ (ಒಂದು ಹೋಲ್‌ಗೆ ನಿಗದಿಯಾದ ಹೊಡೆತಗಳ ಸಂಖ್ಯೆ) ಎರಡರಷ್ಟು ಹೊಡೆತ ಆದರೆ ಚೆಂಡು ಎತ್ತಿಕೊಂಡು ಮುಂದಿನ ಹೋಲ್‌ಗೆ ಹೋಗುತ್ತೇವೆ. ಹಿಂದಿನವರನ್ನು ಕಾಯಿಸುವುದು ಸರಿಯಲ್ಲ.

ಗೊಂದಲ ಇರುವುದು ಕಳೆದುಹೋದ ಚೆಂಡಿನ ವಿಷಯದಲ್ಲಿ. 2019ರಿಂದ ಹುಡುಕಲು 3 ನಿಮಿಷ ಮಾತ್ರ. ಸಿಗದಿದ್ದರೆ ಒಂದು ಹೊಡೆತದ ದಂಡ, ಮತ್ತೆ ಹಿಂದಿನ ಜಾಗದಿಂದಲೇ ಹೊಡೆಯಬೇಕು. ಕ್ಲಬ್ ಒಪ್ಪಿದರೆ 2 ಹೊಡೆತದ ದಂಡ ಹಾಕಿಕೊಂಡು, ಕಳೆದ ಜಾಗದ ಹತ್ತಿರವೇ ಡ್ರಾಪ್ ಮಾಡುವ (ಚೆಂಡನ್ನು ಕೈಯಿಂದ ಕೆಳಗೆ ಬಿಡುವ) ಸ್ಥಳೀಯ ನಿಯಮವೂ ಇದೆ. ನಾವು ಯಾವಾಗಲೂ ಇದನ್ನೇ ಬಳಸಬಹುದಾ? ಬಂಕರ್‌ನಿಂದ (ಮರಳಿನ ಗುಂಡಿ) ಚೆಂಡನ್ನು ಕೈಯಲ್ಲಿ ತೆಗೆದು ಹಾಕಿದರೆ ಅದೇ ರೂಢಿಯಾಗಿಬಿಡುತ್ತಾ? ಅನುಭವ ಇರುವವರು ದಯವಿಟ್ಟು ತಿಳಿಸಿ.