ದಿನವಿಡೀ ದುಡಿದರೂ ಕೆಲಸ ಸಾಗುವುದಿಲ್ಲ, ಅನುಭವ ಇದ್ದವರು ಹೇಳಿ

ಕೇಳಿದವರು, ಸೇಡಂ ರಸ್ತೆ, ಕಲಬುರಗಿ:
ನನ್ನದು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತಿದರೆ ಇಳಿಸುವುದು ರಾತ್ರಿ ಒಂಬತ್ತೂವರೆಗೆ. ಜಾತಿ, ಆದಾಯ ಪ್ರಮಾಣಪತ್ರ, ಪಹಣಿ, ಹಾಲ್ ಟಿಕೆಟ್, ಜೆರಾಕ್ಸ್ ಎಂದು ಕುರ್ಚಿಯಿಂದ ಏಳಲು ಬಿಡುವಿಲ್ಲ. ಜಿಎಸ್‌ಟಿ ಕೆಲಸ ಕಲಿತು ಗಂಜ್‌ನ ವ್ಯಾಪಾರಿಗಳ ಲೆಕ್ಕಪತ್ರ ಹಿಡಿಯಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ, ಮೊದಲ ಪಾಠವೇ ಮುಗಿದಿಲ್ಲ. ಸಮಯ ನಿರ್ವಹಣೆ ಕಲಿಸುವ ತರಗತಿಯೊಂದಕ್ಕೆ 4,999 ರೂಪಾಯಿ ಕೇಳುತ್ತಿದ್ದಾರೆ. ಸೇರಲೇ? ಅಥವಾ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚಲೇ? ಮಾಡಿ ನೋಡಿದವರು ಹೇಳಿ.

ಬಿದ್ರಿ ಕೆಲಸದವರು, ಬೀದರ್:
ತರಗತಿಯ ಸಂಗತಿ ನನಗೆ ತಿಳಿಯದು. ನಾನು ಕೈ ಸುಟ್ಟುಕೊಂಡದ್ದು ಮೊಬೈಲ್‌ನಿಂದ. 2021ರಲ್ಲಿ ಫೋಟೋ ಹಾಕಿ ನೇರವಾಗಿ ಮಾರಲು ಶುರು ಮಾಡಿದೆ. ದಿನಕ್ಕೆ ಎಪ್ಪತ್ತು, ಎಂಬತ್ತು ಸಂದೇಶ. ಎಲ್ಲಕ್ಕೂ ಉತ್ತರಿಸುತ್ತಿದ್ದೆ, ವ್ಯಾಪಾರ ಬೆಳೆಯುತ್ತಿದೆ ಎಂದೇ ನಂಬಿದ್ದೆ. ಒಂದು ಹೂದಾನಿಯನ್ನು ಹನ್ನೊಂದು ದಿನದಿಂದ ಕೊರೆಯುತ್ತಿದ್ದೆ, ಮೂರು ಪಾಲು ತಾರಕಷಿ, ಅಂದರೆ ಬೆಳ್ಳಿ ತಂತಿ ಕೂರಿಸುವ ಕೆಲಸ, ಮುಗಿದಿತ್ತು. ತೊಡೆಯ ಪಕ್ಕದಲ್ಲಿದ್ದ ಮೊಬೈಲ್ ನಡುಗಿತು, ಉಳಿ ಜಾರಿತು, ಬಳ್ಳಿಯ ಮೂರು ಎಲೆಗಳ ಮೇಲೆ ಅಡ್ಡ ಗೀರು ಬಿತ್ತು. ಬಡಿದು ಕೂರಿಸಿದ್ದ ಬೆಳ್ಳಿ ತಂತಿಯನ್ನು ಕೀಳುವಾಗ ಎಂಟು ಗ್ರಾಂನಲ್ಲಿ ಕೈಗೆ ಬಂದದ್ದು ಐದು. ಎರಕ ಹೊಯ್ದವರಿಗೆ ಕೊಟ್ಟ 600 ಹೋಯಿತು. ಗಿರಾಕಿಗೆ ಮುಂಗಡದ 4,000 ಮರಳಿಸಿದೆ. ಕರೆ ಮಾಡಿದವರಿಗೆ ಬೇಕಾಗಿದ್ದುದು ಇಷ್ಟೇ: ಇದು ನಿಜವಾದ ಬೆಳ್ಳಿಯೋ, ಬಣ್ಣವೋ.

ಆ ವರ್ಷ ಮುಗಿಸಿದ್ದು ಆರು ಹೂದಾನಿ. ಹಿಂದಿನ ವರ್ಷ ಹದಿನಾಲ್ಕು ಮಾಡಿದ್ದೆ. ಈಗ ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಮೊಬೈಲ್ ಒಳಗಿನ ಕೋಣೆಯಲ್ಲಿರುತ್ತದೆ, ಉಳಿ ನನ್ನ ಕೈಯಲ್ಲಿರುತ್ತದೆ. ಕಳೆದ ವರ್ಷ ಹತ್ತೊಂಬತ್ತು ಮುಗಿಸಿದೆ. ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕುದಿಸಿ ಹಚ್ಚಿದಾಗ ಮೈಯೆಲ್ಲ ಕಪ್ಪಾಗಿ ಬೆಳ್ಳಿಯೊಂದೇ ಬೆಳಗುತ್ತದಲ್ಲ, ಆ ಗಳಿಗೆ ಎಷ್ಟು ಸಲ ಬಂತು ಎಂಬುದೇ ನನ್ನ ವರ್ಷದ ಲೆಕ್ಕ.

ರೊಟ್ಟಿ ಮಾಡುವವರು, ಶಹಾಪುರ:
ಅಣ್ಣನವರೇ, ಮೊಬೈಲ್ ಒಳಗಿನ ಕೋಣೆಯಲ್ಲಿರುತ್ತದೆ ಎಂದಿರಿ. ಅಲ್ಲಿ ಅದನ್ನು ಎತ್ತುವವರು ಯಾರು?

ಬಿದ್ರಿ ಕೆಲಸದವರು, ಬೀದರ್:
ತಮ್ಮನ ಹೆಂಡತಿ. ಅದರಲ್ಲಿ ತಪ್ಪೇನಿದೆ?

ರೊಟ್ಟಿ ಮಾಡುವವರು, ಶಹಾಪುರ:
ತಪ್ಪೆಂದಲ್ಲ. ನಿಮ್ಮ ಹತ್ತೊಂಬತ್ತು ಹೂದಾನಿಗಳಲ್ಲಿ ಆಕೆಯ ಐದು ತಾಸೂ ಸೇರಿದೆ, ಅದನ್ನು ಬರೆಯಬೇಕಿತ್ತು. ಬಾಗಿಲು ಹಾಕಿಕೊಂಡು ಕೂರುವ ಉಪಾಯವನ್ನು ಗಂಡಸರು ಬಹಳ ಸುಲಭವಾಗಿ ಹೇಳುತ್ತಾರೆ. ಹಾಲು ಉಕ್ಕಿದರೆ ಆ ಬಾಗಿಲಿನಿಂದ ಎದ್ದು ಬರುವವರು ಯಾರು?

ನನ್ನದನ್ನು ಕೇಳಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುತ್ತೇನೆ. ಜೊತೆಗೆ ಮೂವರು ಹೆಣ್ಣುಮಕ್ಕಳಿದ್ದಾರೆ. ತಟ್ಟುವುದರಲ್ಲೇ ಹೊತ್ತು ಹೋಗುತ್ತದೆ ಎಂದುಕೊಂಡು ಸಂಘದಲ್ಲಿ ಸಾಲ ಎತ್ತಿ 1,10,000 ಕೊಟ್ಟು ಯಂತ್ರ ತಂದೆ. ಸಾಗಣೆಗೆ 3,800, ಹೊಸ ವೈರಿಂಗ್‌ಗೆ 7,200. ಕರೆಂಟ್ ಇರುವ ಹೊತ್ತಿಗೆ ಹಿಟ್ಟು ಹದಕ್ಕೆ ಬರಲಿಲ್ಲ, ಹಿಟ್ಟು ಹದಕ್ಕೆ ಬಂದಾಗ ಕರೆಂಟ್ ಇರಲಿಲ್ಲ. ಏಳು ತಿಂಗಳು ಯಂತ್ರದ ಮೇಲೆ ಸೀರೆ ಹೊದಿಸಿಟ್ಟಿದ್ದೆ, ಕಂತು ಮಾತ್ರ ತಪ್ಪಲಿಲ್ಲ. ಕೊನೆಗೆ 62,000ಕ್ಕೆ ಮಾರಿದೆ.

ಆಮೇಲೆ ಪಿಯುಸಿ ಓದುವ ಮಗಳು ಒಂದು ವಾರ ನನ್ನ ಹಿಂದೆಯೇ ತಿರುಗಿ, ಅರ್ಧ ತಾಸಿಗೊಮ್ಮೆ ನಾನು ಏನು ಮಾಡುತ್ತಿದ್ದೇನೆ ಎಂದು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದಳು. ಗಿರಣಿಯ ಮುಂದೆ ಸರದಿ ಕಾದದ್ದು ಒಂಬತ್ತು ತಾಸು. ಬಾಕಿ ಕೇಳಲು ಅಂಗಡಿ ಅಂಗಡಿ ಅಲೆದದ್ದು ಏಳು. ಹತ್ತು, ಇಪ್ಪತ್ತು ರೊಟ್ಟಿಯ ಬಿಡಿ ಗಿರಾಕಿಗೆ ಕಟ್ಟಿ ಕೊಟ್ಟದ್ದು ಆರು. ಅದನ್ನು ಓದಿ ನಾನು ಅತ್ತೆ. ಎಷ್ಟೋ ವರ್ಷ ನನ್ನ ಕೈಯನ್ನೇ ಬೈದುಕೊಂಡಿದ್ದೆ, ಕೈಯದು ಏನೂ ತಪ್ಪಿರಲಿಲ್ಲ. ಈಗ ಸೋಮವಾರ, ಗುರುವಾರ ಎರಡೇ ದಿನ ಗಿರಣಿ. ಅದಕ್ಕಿಂತ ಹೆಚ್ಚು ದಿನಕ್ಕೆ ಬೀಸಿಟ್ಟರೆ ಹಿಟ್ಟಿನ ಜಿಗಿ ಹೋಗಿ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ನೂರಕ್ಕಿಂತ ಕಡಿಮೆ ರೊಟ್ಟಿ ಕೊಡುವುದಿಲ್ಲ. ಬಾಕಿ ಇಟ್ಟ ಅಂಗಡಿಗೆ ಎರಡನೇ ಕಟ್ಟು ಇಲ್ಲ. ಮೂರು ಅಂಗಡಿಯವರು ಬಿಟ್ಟು ಹೋದರು. ಒಬ್ಬರು ಇನ್ನೂ 2,350 ಕೊಡಬೇಕು.

ಪರೀಕ್ಷಾರ್ಥಿ, ಬಸವಕಲ್ಯಾಣ:
ನಾನು ಕಲಬುರಗಿಯಲ್ಲಿ ಕೋಣೆ ಹಿಡಿದು ಎರಡು ವರ್ಷ ದಿನಕ್ಕೆ ಹದಿನಾಲ್ಕು ತಾಸು ಓದಿದೆ. ಬಾಡಿಗೆ ತಿಂಗಳಿಗೆ 2,500, ಖಾನಾವಳಿ 2,800, ವಾಚನಾಲಯದ ಕುರ್ಚಿಗೆ 700. ಅಪ್ಪ ಒಂದು ಎಮ್ಮೆ ಮಾರಿದರು. ನಮ್ಮ ಕಲ್ಯಾಣ ಕರ್ನಾಟಕದವರಿಗೆ 371(ಜೆ) ಮೀಸಲಾತಿ ಇದೆ, ಈ ಸಲ ನೌಕರಿ ಆಗಿಯೇ ಆಗುತ್ತದೆ ಎಂದು ಊರೆಲ್ಲ ಹೇಳುತ್ತಿತ್ತು. ಇಟಲಿಯ ವಿದ್ಯಾರ್ಥಿಯೊಬ್ಬರು ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ರೂಪಿಸಿದ 25 ನಿಮಿಷ ಓದು, 5 ನಿಮಿಷ ಬಿಡುವಿನ ಪದ್ಧತಿಯನ್ನೂ ಮಾಡಿದೆ. ಗೋಡೆಗೆ ಗೆರೆ ಎಳೆಯುತ್ತಿದ್ದೆ, ದಿನಕ್ಕೆ ಇಪ್ಪತ್ತೆಂಟು ಗೆರೆ. ಮೂರು ಅಂಕದಿಂದ ಹೋಯಿತು. ಫಲಿತಾಂಶದ ರಾತ್ರಿ ಆ ಗೆರೆಗಳನ್ನು ನೋಡಿದೆ. ಎಣಿಸಿದ್ದೆಲ್ಲ ಕುಳಿತ ಹೊತ್ತು, ತಲೆಯಲ್ಲಿ ನಿಂತದ್ದನ್ನು ಒಂದು ದಿನವೂ ಎಣಿಸಿರಲಿಲ್ಲ. ಹಸಿರು, ಹಳದಿ ಶಾಯಿಯಲ್ಲಿ ಗೆರೆ ಎಳೆದು ಐದನೆಯ ಸಲ ಓದಿದ ಪುಟವನ್ನು ಮುಚ್ಚಿ ಬರೆಯಲು ಹೋದರೆ ನಾಲ್ಕು ಸಾಲು ಬರುತ್ತಿರಲಿಲ್ಲ.

ಈಗ ಊರಲ್ಲೇ ಇದ್ದೇನೆ. ಬೆಳಿಗ್ಗೆ ಶಾಲೆಯಲ್ಲಿ ಅತಿಥಿ ಶಿಕ್ಷಕ, ಸಂಜೆ ನಾಲ್ಕು ತಾಸು ಓದು. ಒಂದು ತಾಸು ಓದಿದರೆ ಪುಸ್ತಕ ಮುಚ್ಚಿ ಅರ್ಧ ತಾಸು ನೆನಪಿನಿಂದ ಬರೆಯುತ್ತೇನೆ. ಮಾದರಿ ಪರೀಕ್ಷೆಯಲ್ಲಿ ಹದಿನಾಲ್ಕು ತಾಸಿನ ಕಾಲಕ್ಕಿಂತ ಇಪ್ಪತ್ತೆರಡು ಅಂಕ ಹೆಚ್ಚು ಬರುತ್ತಿದೆ. ಆ 4,999 ಕೊಡಬೇಡಿ ಅಣ್ಣ.

ನಿವೃತ್ತ ನೌಕರರು, ಯಾದಗಿರಿ:
ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ನೋಡಿದವನ ಮಾತು ಕೇಳು ತಮ್ಮಾ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ನಮ್ಮ ವಿಭಾಗದ ಕಚೇರಿಗಳು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ನಡೆಯುತ್ತವೆ. ಐದೂವರೆ ತಾಸು. ನನ್ನ ಮೇಜಿನ ಕಡತಗಳನ್ನು ನಾನೇ ಎಣಿಸಿದ್ದೇನೆ: ಆ ಎರಡು ತಿಂಗಳಲ್ಲಿ ಮುಗಿಸಿದ್ದು ಒಂದೂ ಕಡಿಮೆಯಾಗಲಿಲ್ಲ. ಚಹಾ ಒಂದೇ ಸಲ, ಹರಟೆ ಇಲ್ಲ, ಒಂದೂವರೆಗೆ ಮನೆ ಎಂಬ ಆತುರ. ಜೂನ್‌ನಲ್ಲಿ ಹತ್ತರಿಂದ ಐದೂವರೆ ಆದ ಕೂಡಲೇ ಅದೇ ಕಡತ ಸಂಜೆಯವರೆಗೆ ಎಳೆಯುತ್ತಿತ್ತು. ಪಾರ್ಕಿನ್ಸನ್ ಎಂಬ ಬ್ರಿಟಿಷ್ ಇತಿಹಾಸಕಾರರು 1955ರಲ್ಲೇ ಇದನ್ನು ಬರೆದಿದ್ದಾರೆ, ಇರುವ ಹೊತ್ತನ್ನೆಲ್ಲ ತುಂಬುವಷ್ಟು ಕೆಲಸ ಹಿಗ್ಗುತ್ತದೆ ಎಂದು. ಅಂಗಡಿಯನ್ನು ಎರಡಕ್ಕೆ ಮುಚ್ಚು.

ರೈತರು, ಅಫಜಲಪುರ ತಾಲ್ಲೂಕು:
ಸಾಹೇಬರೇ, ನಿಮ್ಮ ಬಾಗಿಲಿನ ಹೊರಗೆ ನಿಂತವರನ್ನೂ ಎಣಿಸಿದ್ದಿರಾ? ಪಹಣಿಯಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ತಿದ್ದಿಸಲು ನಾನು ಒಂಬತ್ತು ಸಲ ಅಲೆದೆ. ಮೂರು ಸಲ ಬೇಸಿಗೆಯಲ್ಲಿ. ಊರಿನಿಂದ ಎಂಟೂವರೆಗೆ ಮೊದಲ ಬಸ್, ಅದು ಕೆಟ್ಟು ನಿಂತರೆ ನಾನು ಮುಟ್ಟುವಾಗ ಒಂದೂ ನಲವತ್ತು, ಬಾಗಿಲಿಗೆ ಬೀಗ. ಹೋಗಿಬರಲು ಸಲಕ್ಕೆ 150, ಒಂಬತ್ತು ಸಲಕ್ಕೆ 1,350. ಹೆಂಡತಿಗೆ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ ಎಂದು ಆಕೆಯನ್ನು ಕಳುಹಿಸಿದರೆ ಖಾತೆದಾರರೇ ಬರಬೇಕೆಂದರು. ತೊಗರಿಗೆ ಕಾಯಿಕೊರಕ ಬಿದ್ದ ವಾರವೇ ಎರಡು ದಿನ ಅಲ್ಲಿ ಬೆಂಚಿನ ಮೇಲೆ ಕುಳಿತಿದ್ದೆ. ಔಷಧ ಹೊಡೆಯುವುದು ನಾಲ್ಕು ದಿನ ತಡವಾಗಿ ಎಕರೆಗೆ ಎರಡು ಚೀಲ ಕಳೆದುಕೊಂಡೆ. ಮುಗಿಸಿದ ಕಡತದ ಸಂಖ್ಯೆ ಕಡಿಮೆಯಾಗಲಿಲ್ಲ ಎಂದು ಹೆಮ್ಮೆಪಡುತ್ತೀರಿ, ಉಳಿದ ಹೊತ್ತು ನಮ್ಮ ಹೊಲದಿಂದ ಹೋದದ್ದು.

ನಿವೃತ್ತ ನೌಕರರು, ಯಾದಗಿರಿ:
ನನ್ನ ಮೇಜಿನ ಮುಂದೆ ಯಾರೂ ಒಂಬತ್ತು ಸಲ ನಿಂತಿಲ್ಲ. ಯಾವುದೋ ಕಚೇರಿಯ ಸಿಟ್ಟನ್ನು ನನ್ನ ಮೇಲೆ ಹಾಕಬೇಡಿ. ಕಾಯಕವೇ ಕೈಲಾಸ ಎಂದು ನಂಬಿ ಒಂದು ಪೈಸೆ ಮುಟ್ಟದೆ ದುಡಿದು ನಿವೃತ್ತನಾಗಿದ್ದೇನೆ.

ಪರೀಕ್ಷಾರ್ಥಿ, ಬಸವಕಲ್ಯಾಣ:
ಕಾಯಕದ ಮಾತು ಬಂದದ್ದರಿಂದ ಹೇಳುತ್ತೇನೆ, ಇದು ನಮ್ಮ ಊರಿನ ನೆಲದ ಕಥೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಹಿಗ್ಗಲಿಲ್ಲ. ಇಷ್ಟು ಏಕೆ ಎಂದು ಕೇಳಿ, ಮರಳಿ ಅಲ್ಲೇ ಸುರಿದು ಬರಲು ಕಳುಹಿಸಿದರು. ಎಷ್ಟು ಸಾಕು ಎಂದು ತಿಳಿಯುವುದೂ ಕಾಯಕದ ಭಾಗವೇ. ಹದಿನಾಲ್ಕು ತಾಸು ಕುಳಿತ ನನಗೆ ಅದು ತಿಳಿದಿರಲಿಲ್ಲ.

ರೊಟ್ಟಿ ಮಾಡುವವರು, ಶಹಾಪುರ:
ಆ ಕಥೆಯಲ್ಲಿಯೂ ಅಳತೆ ಗೊತ್ತಿದ್ದುದು ಅಡುಗೆ ಮಾಡುವ ಹೆಣ್ಣಿಗೆ.

ಬಿದ್ರಿ ಕೆಲಸದವರು, ಬೀದರ್:
ಅಕ್ಕನವರೇ, ಎಲ್ಲದಕ್ಕೂ ನನ್ನ ಮನೆಯ ಕಡೆಗೇ ಬೆರಳು ತೋರಿಸಬೇಡಿ. ತಮ್ಮನ ಹೆಂಡತಿಗೆ ಪ್ರತಿ ಮಾರಾಟದಲ್ಲಿ ನೂರಕ್ಕೆ ಎಂಟು ಕೊಡುತ್ತೇನೆ, ನಿನ್ನೆ ಬರೆಯಲು ಮರೆತಿದ್ದೆ. ಇನ್ನೊಂದು, ಯಂತ್ರದ ರೊಟ್ಟಿ ರೊಟ್ಟಿಯೇ ಅಲ್ಲ. ನೀವು ಅದನ್ನು ಕೊಂಡದ್ದೇ ತಪ್ಪು.

ರೊಟ್ಟಿ ಮಾಡುವವರು, ಶಹಾಪುರ:
ನೂರಕ್ಕೆ ಎಂಟು ಕೊಡುತ್ತಿದ್ದರೆ ಒಳ್ಳೆಯದು, ಮನಸ್ಸಿಗೆ ಸಮಾಧಾನವಾಯಿತು. ಆದರೆ ಒಂದು ದಿನಕ್ಕೆ ಮುನ್ನೂರು ರೊಟ್ಟಿ ತಟ್ಟಿ ರಾತ್ರಿ ಮುಂಗೈ ಊದಿಸಿಕೊಂಡವರು ಯಂತ್ರ ತಪ್ಪೆಂದರೆ ಒಪ್ಪುತ್ತೇನೆ, ತಿನ್ನುವವರು ಹೇಳಿದರೆ ಒಪ್ಪುವುದಿಲ್ಲ. ನನ್ನ ಯಂತ್ರ ಸೋತದ್ದು ಜೋಳದಿಂದ. ಅಗ್ಗದ ಹೈಬ್ರಿಡ್ ಜೋಳ ತಂದಿದ್ದೆ, ಜಿಗಿಯೇ ಇರಲಿಲ್ಲ.

ರೈತರು, ಅಫಜಲಪುರ ತಾಲ್ಲೂಕು:
ಮಾಲ್ದಂಡಿ ತರಬೇಕಿತ್ತು. ಹಿಂಗಾರಿಯ ಮಾಲ್ದಂಡಿಯ ಮುಂದೆ ಬೇರೆ ಜೋಳ ನಿಲ್ಲುವುದಿಲ್ಲ. ನಮ್ಮ ಎರಡು ಎಕರೆಯಲ್ಲಿ ಅದೇ ಇದೆ.

ನಿವೃತ್ತ ನೌಕರರು, ಯಾದಗಿರಿ:
ಮಾಲ್ದಂಡಿ ಎಂದು ಹೇಳಿ ಕಲಬೆರಕೆ ಮಾರುವವರೇ ಹೆಚ್ಚು. ಕಳೆದ ವರ್ಷ ಒಂದು ಚೀಲ ಕೊಂಡು ಮೋಸ ಹೋಗಿದ್ದೇನೆ.

ರೈತರು, ಅಫಜಲಪುರ ತಾಲ್ಲೂಕು:
ನಾನು ವ್ಯಾಪಾರಿಯಲ್ಲ, ಬಿತ್ತುವವನು. ಹೊಲಕ್ಕೆ ಬಂದು ತೆನೆ ನೋಡಿ, ಆಮೇಲೆ ಮಾತಾಡಿ.

ಕೇಳಿದವರು, ಸೇಡಂ ರಸ್ತೆ, ಕಲಬುರಗಿ:
ಎಲ್ಲರಿಗೂ ನಮಸ್ಕಾರ. ಅಕ್ಕನವರ ಮಗಳು ಮಾಡಿದಂತೆ ನಾಲ್ಕು ದಿನ ಬರೆದಿಟ್ಟೆ. ಬಂದವರು 163 ಜನ. ಅವರಲ್ಲಿ 58 ಜನ ಯಾವುದೋ ಕಾಗದ ಬಿಟ್ಟು ಬಂದು ಎರಡನೇ ಸಲ ಬಂದವರು. ಯಾವ ಅರ್ಜಿಗೆ ಏನೇನು ತರಬೇಕು ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ ಶಟರ್ ಪಕ್ಕ ಹಾಕಿದ್ದೇನೆ, ಬೋರ್ಡಿಗೆ 850 ಆಯಿತು. ಅಫಜಲಪುರದ ಕಾಕಾ ಬರೆದದ್ದನ್ನು ಓದಿದ ಮೇಲೆ ಎರಡಕ್ಕೆ ಮುಚ್ಚಲು ಮನಸ್ಸಾಗಲಿಲ್ಲ, ಹಳ್ಳಿಯವರು ಬರುವುದೇ ಆ ಹೊತ್ತಿಗೆ. ರಾತ್ರಿ ಏಳಕ್ಕೆ ಮುಚ್ಚುತ್ತಿದ್ದೇನೆ. ಜಿಎಸ್‌ಟಿಯ ಮೊದಲ ಪಾಠ ನಿನ್ನೆ ಮುಗಿಯಿತು.

ರೊಟ್ಟಿ ಮಾಡುವವರು, ಶಹಾಪುರ:
ಅಫಜಲಪುರದ ಅಣ್ಣನವರೇ, ಒಂದು ಶೇರು ಜೋಳ ಬಸ್ಸಿಗೆ ಹಾಕಿ ಕಳುಹಿಸಿ. ಬುಧವಾರದೊಳಗೆ ಬಂದರೆ ಗುರುವಾರದ ಗಿರಣಿಗೆ ಹಾಕುತ್ತೇನೆ. ತಟ್ಟಿ ನೋಡಿ ಹೇಳುತ್ತೇನೆ.